ಹಗೇವಿನ ಮೇಲಿನ ಮನೆ

ಡಿಪೋಗೆ ಹೊಸದಾಗಿ ಸೇರಿದ ಹುಡುಗರು ಈಗಲೂ ನನ್ನ ಕಟ್ಟೆಗೆ ಬಂದು ಕೂಡುತ್ತಾರೆ. ಚಹಾ ಮುಗಿಯುವವರೆಗೆ ಊರ ಸುದ್ದಿ ಹೇಳಿ, ಆಮೇಲೆ ಮೆಲ್ಲಗೆ ಬಾಯಿ ಬಿಡುತ್ತಾರೆ: “ಈರಪ್ಪಣ್ಣಾರ, ಡ್ಯೂಟಿ ಮಾಡಕೋತ ಮನೀ ಹ್ಯಾಂಗ ಬಾಡಗೀಗೆ ಕೊಟ್ರಿ? ನಮಗೂ ಒಂದೀಟು ಹೇಳ್ರಲಾ.” ಕಂಡಕ್ಟರನಾಗಿ ನಾನು ಹೇಗಿದ್ದೆ ಎಂದು ಒಬ್ಬನೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಚಲೋ ಕಂಡಕ್ಟರನಾಗಿದ್ದೆ. ನನ್ನ ಗಂಟಲಿನ ಮುಂದೆ ಬಸ್ಸಿನ ಹಾರ್ನು ಏನೂ ಅಲ್ಲ. ರೋಣ, ಗಜೇಂದ್ರಗಡ, ನರಗುಂದ, ಈ ಮೂರು ಊರುಗಳ ನಡುವೆ ನಿಂತುಕೊಂಡೇ ಆಯುಷ್ಯ ಕಳೆದವನು ನಾನು. ನಿಂತೇ ಇದ್ದವನಿಗೆ ಕೂಡಲು ಒಂದು ಜಾಗ ಬೇಕೆನಿಸುವುದು ಸಹಜ.

ಈ ದಂಧೆ ಸಲೀಸು ಎಂದು ಹೇಳುವವರ ಮಾತು ನಂಬಬೇಡಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಒಂದು ಮಾತು ಬಿಟ್ಟುಬಿಟ್ಟಿದ್ದಾರೆ: ಬಾಡಿಗೆಗೆ ಕೊಟ್ಟು ನೋಡು.

ನೌಕರಿಯ ಹೊಸದರಲ್ಲಿ ನಾವೇ ರೋಣದಲ್ಲಿ ಬಾಡಿಗೆಗೆ ಇದ್ದೆವು. ನನ್ನ ಹೆಂಡತಿ ಗಂಗವ್ವನ ಕೈಯಲ್ಲಿ ಆಗ ಹಾಲು ಕುಡಿಯುವ ಮಗಳು. ನಮ್ಮ ಕಡೆ ನಳದ ನೀರು ದಿನಾ ಬರುವುದಿಲ್ಲ. ಬಂದಾಗ ಟಾಕಿ ತುಂಬಿಸಿಕೊಂಡು, ಮುಂದಿನ ಸಲ ಬರುವವರೆಗೆ ಜೀವ ಹಿಡಿದುಕೊಂಡಿರಬೇಕು. ಮನೆಯ ಮಾಲೀಕಳು ನೀಲವ್ವ ಅಂಗಳದ ಟಾಕಿಗೆ ಕಬ್ಬಿಣದ ಮುಚ್ಚಳ ಹಾಕಿಸಿ, ಅದಕ್ಕೆ ಕೀಲಿ ಜಡಿದು, ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದರೆ, ಗಂಗವ್ವ ಮೈತುಂಬ ಸಾಬೂನು ಹತ್ತಿದ ಕೂಸನ್ನು ಎತ್ತಿಕೊಂಡು ಟಾಕಿಯ ಮುಂದೆ ನಿಂತಿದ್ದಾಳೆ. ಕೂಸಿನ ಕಣ್ಣಿಗೆ ಸಾಬೂನು ಹೋಗಿ ಅದು ಚಿಟ್ಟನೆ ಚೀರುತ್ತಿದೆ.

“ಅಮ್ಮಾರ, ಒಂದ ಕೊಡ ಕೊಡ್ರಿ. ಕೂಸಿನ ಮೈ ತೊಳದ್ರ ಸಾಕು.”

“ನಿಮ್ಮ ಪಾಲಿನ ನೀರು ಮುಗದಾವ ತಂಗಿ. ಬಾಡಗೀ ಮನಿ ಅಂದ್ರ ಅಷ್ಟ.”

ನಾನು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಓಡಿ ನೀರು ತಂದೆ. ಆ ಸಂಜೆ ಗಂಗವ್ವ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಮುಗಿಸುತ್ತಿದ್ದೆ. ರೊಟ್ಟಿ ಬಡಿಯುತ್ತಲೇ ಹೇಳಿದಳು: “ನನಗ ಸೀರಿ ಬ್ಯಾಡ, ಬಂಗಾರ ಬ್ಯಾಡ. ಗುಬ್ಬಿ ಗೂಡಿನಂಥಾ ಮನಿ ಇದ್ರೂ ಚಿಂತಿಲ್ಲ. ಟಾಕೀ ಚಾವಿ ನನ್ನ ಸೊಂಟದಾಗ ಇರಬೇಕು, ನೋಡ್ರಿ.” ನನ್ನ ಜೀವನದ ದಾರಿಯನ್ನು ಬರೆದದ್ದು ಆ ಮಾತೇ. ಇಂದಿಗೂ ಯಾರಾದರೂ ‘ನಿಮಗ ಆಸ್ತಿ ಮಾಡೋ ಹುಚ್ಚು ಹ್ಯಾಂಗ ಹಿಡೀತು’ ಎಂದರೆ ನನಗೆ ಆ ಕೂಸಿನ ಚೀರಾಟವೇ ಕೇಳಿಸುತ್ತದೆ.

ಮುಂದೆ ನನ್ನನ್ನು ನರಗುಂದಕ್ಕೆ ಹಾಕಿದರು. ಅಲ್ಲಿ ಹಳೇ ಓಣಿಯಲ್ಲಿ ಒಂದು ಮಾಳಿಗೆ ಮನೆ ಮಾರಾಟಕ್ಕಿದೆ ಎಂದು ನನ್ನ ಬಸ್ಸಿನಲ್ಲೇ ಇಬ್ಬರು ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ವಾರದ ರಜೆಯ ದಿನ ಗಂಡಹೆಂಡಿರು ನೋಡಲು ಹೋದೆವು. ನಾನು ಸಾಗವಾನಿಯ ಬಾಗಿಲು ಬಡಿದೆ, ತೊಲೆಗೆ ಗೆದ್ದಲು ಹತ್ತಿದೆಯೋ ಎಂದು ಉಗುರಿನಿಂದ ಕೆರೆದೆ, ಗೋಡೆಗೆ ಕಿವಿ ಹಚ್ಚಿದೆ. ಮನೆಯ ಯಜಮಾನ ಹಣ್ಣು ಹಣ್ಣು ಮುದುಕ, ನಾನು ಮಾಡುವುದನ್ನು ನೋಡಿ ನಗುತ್ತಿದ್ದ. ಪಡಸಾಲೆಯ ನಡುವೆ ಕಾಲಿಟ್ಟಾಗ ನೆಲ ಡಬ್ಬೆಂದಿತು.

“ಇದೇನ್ರಿ ಅಜ್ಜಾರ, ನೆಲ ಡೊಳ್ಳಿನಂಗ ಮಾತಾಡ್ತೈತಿ?”

“ಹಗೇವು ಐತೋ ತಮ್ಮಾ! ನಮ್ಮಪ್ಪನ ಕಾಲದಾಗ ಊರಾಗ ಯಾರ ಮನ್ಯಾಗ ಜ್ವಾಳ ಇರಲಿಲ್ಲಂದ್ರೂ ಈ ಮನ್ಯಾಗ ಇರ್ತಿತ್ತು. ಹಗೇವು ಇದ್ದ ಮನಿ ಅಂದ್ರ ಲಕ್ಷ್ಮಿ ಇದ್ದ ಮನಿ.”

ಹಗೇವು ಎಂದರೆ ಜೋಳ ಕೂಡಿಡಲು ನೆಲದಲ್ಲಿ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಒಬ್ಬ ಆಳು ಇಳಿದು ನಿಂತರೂ ತಲೆ ಕಾಣುವುದಿಲ್ಲ. ಬೇರೆ ಯಾವ ಸೀಮೆಯವನಾದರೂ ನೆಲ ಟೊಳ್ಳು ಎಂದು ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದ. ನಾನು ಈ ಕಡೆಯವನು ನೋಡಿ, ಜೋಳದ ಹೆಸರು ಕೇಳಿದೊಡನೆ ಕೈ ಮುಗಿದುಬಿಟ್ಟೆ! ಗಂಗವ್ವ ನೆಲಕ್ಕೆ ಅರಿಶಿನ ಕುಂಕುಮ ಏರಿಸಿದಳು. ತವರಿನ ಬಂಗಾರ, ಕೊರಳ ಬೋರಮಾಳವನ್ನೂ ಕೈಯ ಪಾಟ್ಲಿಗಳನ್ನೂ ಬಿಚ್ಚಿಕೊಟ್ಟಳು. ಉಳಿದದ್ದಕ್ಕೆ ನಾನು ಸಾಲ ಎತ್ತಿದೆ. ಹಿತ್ತಲಲ್ಲಿ ಒಂದು ನೀರಿನ ಟಾಕಿಯೂ ಇತ್ತು. ಮುದುಕ ಅದರ ಚಾವಿ ಕೊಟ್ಟಾಗ ಅವಳು ನಾಚಿಕೊಂಡು ಸೊಂಟಕ್ಕೆ ಸಿಕ್ಕಿಸಿದ್ದು ನನ್ನ ಕಣ್ಣಲ್ಲಿ ಹಾಗೇ ಇದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು ನಮ್ಮದು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ದಿನ ಗೊತ್ತುಮಾಡುತ್ತಿದ್ದಂತೆ ನನಗೆ ಗಜೇಂದ್ರಗಡಕ್ಕೆ ವರ್ಗವಾಯಿತು. ನರಗುಂದದಲ್ಲಿ ಮಾಲೀಕ, ಗಜೇಂದ್ರಗಡದಲ್ಲಿ ಮತ್ತೆ ಬಾಡಿಗೆದಾರ! ಅಲ್ಲಿಯ ಮೇಲಧಿಕಾರಿ ಪಾಟೀಲ ಸಾಹೇಬರು ಈ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನಪಾ ಈರಪ್ಪ, ಕಂಡಕ್ಟರ್ ಮಾಲಕ ಆದ್ರ ಬಸ್ಸಿನ ಬಾಗಲಾ ಯಾರು ಹಾಕೋರು? ನೌಕರಿ ಬೇಕೋ, ಬಾಡಗಿ ಬೇಕೋ, ಒಂದು ಹೇಳು.” ಆ ಮಾತನ್ನು ಅವರು ಎಷ್ಟು ಸಲ ಹೇಳಿದರೋ. ಡಿಪೋದಲ್ಲಿ ನನ್ನ ಹೆಸರೇ ‘ಮಾಲಕ’ ಎಂದಾಯಿತು.

ಹೀಗೆ ನಾನು ಬಾಡಿಗೆಯ ದಂಧೆಗೆ ಇಳಿದದ್ದು ಹುಮ್ಮಸ್ಸಿನಿಂದಲ್ಲ, ವರ್ಗಾವಣೆಯಿಂದ. ಮೊದಲ ಬಾಡಿಗೆದಾರನ ಕಥೆ ಕೇಳಿ. ನಾಯಿ ಹಸಿದಿತ್ತು, ಹಿಟ್ಟು ಹಳಸಿತ್ತು ಎನ್ನುವಂತೆ, ನನಗೂ ಅವಸರ, ಅವನಿಗೂ ಅವಸರ. “ಎಷ್ಟು ಮಂದಿ ಇರ್ತೀರಿ?” ಎಂದೆ. “ನಾವಿಬ್ಬರ, ಅಣ್ಣಾರ” ಎಂದ. ಬಾಯಿ ಬೆಲ್ಲದಂಥದು. ಕೆಲವು ವಾರ ಬಿಟ್ಟು ಹೋಗಿ ನೋಡಿದರೆ, ಇಬ್ಬರೇ ಇದ್ದದ್ದು ಖರೇ. ಉಳಿದದ್ದೆಲ್ಲ ಉಳ್ಳಾಗಡ್ಡಿ! ಪಡಸಾಲೆಯಿಂದ ಅಡುಗೆಮನೆಯವರೆಗೆ ಈರುಳ್ಳಿ ಚೀಲದ ಮೇಲೆ ಚೀಲ. ದರ ಏರಲಿ ಎಂದು ಕಾಯುತ್ತ ಕೂತಿದ್ದ ವ್ಯಾಪಾರಿ ಅವನು. ದರ ಏರಲಿಲ್ಲ, ಉಳ್ಳಾಗಡ್ಡಿ ಕೊಳೆಯಿತು. ಅವನು ಬಿಟ್ಟುಹೋದ ಮೇಲೆ ಆ ನಾತ ಹೋಗಿಸಲು ಗಂಗವ್ವ ಗೋಡೆಗೆ ಮೇಲಿಂದ ಮೇಲೆ ಸುಣ್ಣ ಬಳಿದಳು.

ಸುಣ್ಣ ಬಳಿಯುತ್ತ ಅವಳು ಕೇಳಿದಳು: “ದಿನಾ ನೂರಾರು ಮಂದಿ ಮಾರೀ ನೋಡ್ತೀರಿ. ಮನಿ ಕೊಡೂ ಮುಂದ ನಿಮ್ಮ ಕಣ್ಣು ಎಲ್ಲಿ ಹೋಗಿದ್ವು?”

ಚಾಟಿಯೇಟು ಅದು. ಅಂದಿನಿಂದ ನಾನು ಬಾಡಿಗೆದಾರರನ್ನು ಬಸ್ಸಿನಲ್ಲೇ ಹುಡುಕಲು ಶುರುಮಾಡಿದೆ. ಕಂಡಕ್ಟರನ ಮುಂದೆ ಮನುಷ್ಯನ ಬಣ್ಣ ಬಯಲಾಗುವ ಒಂದು ಜಾಗವಿದೆ: ಮಗುವಿನ ವಯಸ್ಸು. ಆರು ತುಂಬಿದರೆ ಅರ್ಧ ಟಿಕೆಟ್, ಅದಕ್ಕಿಂತ ಚಿಕ್ಕದಾದರೆ ಪುಕ್ಕಟೆ. ನಮ್ಮ ಬಸ್ಸಿನಲ್ಲಿ ಮಕ್ಕಳು ಐದರಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತಾರೆ. ಹಲ್ಲು ಬಿದ್ದು ಹೊಸ ಹಲ್ಲು ಬಂದಿದ್ದರೂ ತಾಯಿ ಸೆರಗು ಮುಚ್ಚಿ “ಇನ್ನೂ ಐದ್ರಿ” ಎನ್ನುತ್ತಾಳೆ. ಆ ಮಗುವೇ “ಇಲ್ಲವಾ, ನಾ ಸಾಲ್ಯಾಗ ಎರಡನೇತ್ತೆ” ಎಂದು ಮಾನ ಕಳೆಯುತ್ತದೆ.

ಒಮ್ಮೆ ಗಜೇಂದ್ರಗಡದಲ್ಲಿ ಮುಮ್ತಾಜ್ ಎಂಬ ಹೆಣ್ಣುಮಗಳು ಗಂಡ ರಾಜೇಸಾಬನ ಜೊತೆ ನರಗುಂದದ ಬಸ್ಸು ಹತ್ತಿದಳು. ತೊಡೆಯ ಮೇಲೆ ಕಡ್ಡಿಯಂಥ ಮಗಳು ರೇಷ್ಮಾ. ನಾನೇ ಅದನ್ನು ನೋಡಿ ಟಿಕೆಟ್ ಬೇಡವೆಂದು ಮುಂದೆ ಸರಿದಿದ್ದೆ. “ಅಣ್ಣಾ, ನಿಂದರ್ರಿ. ಏಳು ತುಂಬ್ಯಾವ ಇಕೀಗೆ. ಬೆಳದಿಲ್ಲ ಅಷ್ಟ. ಅರ್ಧ ಟಿಕೇಟ್ ಕೊಡ್ರಿ” ಎಂದಳು. ಜಕ್ಕಲಿ ಬರುವಷ್ಟರಲ್ಲಿ ಅವರ ಕಥೆ ತಿಳಿಯಿತು. ರಾಜೇಸಾಬ ದರ್ಜಿ, ನರಗುಂದದಲ್ಲಿ ಅಂಗಡಿ ಸಿಕ್ಕಿದೆ, ಮನೆ ಸಿಗುತ್ತಿಲ್ಲ. “ಮನಿ ಖಾಲಿ ಇರ್ತೈತ್ರಿ ಅಣ್ಣಾ. ನಮ್ಮ ಹೆಸರು ಕೇಳಿದ ಮ್ಯಾಲೆ ತುಂಬಿಬಿಡ್ತೈತಿ” ಎಂದು ರಾಜೇಸಾಬ ನಕ್ಕ. ಆ ನಗು ನನಗೆ ಚುಚ್ಚಿತು. ರೋಣ ಬರುವುದರೊಳಗೆ ಮನೆ ಅವರದಾಗಿತ್ತು.

ಎದುರುಮನೆಯ ಫಕೀರಪ್ಪ ಕುದಿಯತೊಡಗಿದ. “ಏನಲೇ ಈರಪ್ಪ, ನಮ್ಮ ಓಣ್ಯಾಗ ಎಂಥಾ ಮಂದೀಗೆ ಕೊಟ್ಟೀದಿ?” ಎಂದು ನಡುಬೀದಿಯಲ್ಲಿ ಕೇಳಿದ. “ಅರ್ಧ ಟಿಕೇಟ್ ತಾವಾಗೇ ಕೇಳಿ ತಗೊಂಡ ಮಂದೀಗೆ” ಎಂದೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಇನ್ನು ನೌಕರಿ ಮತ್ತು ಮಾಲಕತನ ಎರಡನ್ನೂ ಹೇಗೆ ಸಂಬಾಳಿಸಿದೆ ಎಂದು ಕೇಳುತ್ತೀರಿ. ನಳದ ತೋಟಿ ಸೋರಿದರೆ ಹೊಸದನ್ನು ನರಗುಂದದ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸುತ್ತಿದ್ದೆ. ದೊಡ್ಡ ರಿಪೇರಿಯಾದರೆ ವಾರದ ರಜೆಗೆ ಕಾಯುತ್ತಿದ್ದೆ. ಆದರೆ ಒಂದು ಸಲ ಎಡವಿದೆ, ಅದೂ ಕಂಡಕ್ಟರನೊಬ್ಬನೇ ಎಡವಬಲ್ಲ ರೀತಿಯಲ್ಲಿ. ಬಸ್ಸು ನರಗುಂದ ಬಿಡುತ್ತಿತ್ತು. ರಾಜೇಸಾಬ ಓಡಿಬಂದು ಕಿಟಕಿಯಿಂದ ಬಾಡಿಗೆ ಹಣ ಕೊಟ್ಟ. ಗದ್ದಲದಲ್ಲಿ ನಾನು ಅದನ್ನು ಟಿಕೆಟ್ ಚೀಲಕ್ಕೇ ಹಾಕಿಕೊಂಡೆ. ಡ್ಯೂಟಿ ಹತ್ತುವ ಮುನ್ನ ಕಂಡಕ್ಟರ್ ತನ್ನ ಸ್ವಂತ ಹಣ ಎಷ್ಟಿದೆಯೆಂದು ಬರೆಸಬೇಕು. ದಾರಿಯಲ್ಲಿ ತಪಾಸಣೆಯವರಿಗೆ ಅದಕ್ಕಿಂತ ಹೆಚ್ಚು ಸಿಕ್ಕರೆ, ಟಿಕೆಟ್ ಹರಿಯದೆ ಹೊಡೆದ ಹಣವೆಂದೇ ತಿಳಿಯುತ್ತಾರೆ. ಅಸೂಟಿಯ ಹತ್ತಿರ ತಪಾಸಣೆಯವರು ಹತ್ತಿದರು! ಚೀಲ ಎಣಿಸಿದರೆ ಬಾಡಿಗೆಯಷ್ಟು ಹಣ ಹೆಚ್ಚಿಗೆ ಬಂತು.

ಪಾಟೀಲ ಸಾಹೇಬರ ಮುಂದೆ ನಿಲ್ಲಿಸಿದರು. “ಹೇಳಿದ್ದೆ ಇಲ್ಲೋ, ನೌಕರಿ ಬೇಕೋ ಬಾಡಗಿ ಬೇಕೋ ಅಂತ? ಈಗ ಎರಡೂ ಹೋಗ್ತಾವ ನೋಡು” ಎಂದು ಮೇಜು ಗುದ್ದಿದರು. ಮರುದಿನ ಬೆಳಗಿನ ಮೊದಲ ಬಸ್ಸಿಗೆ ರಾಜೇಸಾಬ, ಡ್ರೈವರನಿಂದ ಸುದ್ದಿ ತಿಳಿದು, ಅಂಗಡಿಗೆ ಬೀಗ ಹಾಕಿ, ಕರೆಯದೆ, ತಾನಾಗಿ ಬಂದ. “ಸಾಹೇಬ್ರ, ಆ ರೊಕ್ಕ ನಾ ಕೊಟ್ಟದ್ದು. ಕುರಾನ್ ಮ್ಯಾಲೆ ಕೈ ಇಟ್ಟು ಹೇಳ್ತೀನಿ. ಕಂಡಕ್ಟರ್ ಅಣ್ಣಂದು ಏನೂ ತಪ್ಪಿಲ್ರಿ” ಎಂದು ನಿಂತ. ಸಾಹೇಬರು ಅವನನ್ನೂ ನನ್ನನ್ನೂ ನೋಡಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಹೊಸ ಹುಡುಗರೇ, ಈ ಒಂದು ಮಾತು ಗಂಟು ಹಾಕಿಕೊಳ್ಳಿ: ನೌಕರಿಯ ಚೀಲ ಬೇರೆ, ಮನೆಯ ಚೀಲ ಬೇರೆ. ಒಂದರ ಬಾಯಿ ತೆರೆದಾಗ ಇನ್ನೊಂದರ ಬಾಯಿ ಕಟ್ಟಿರಲಿ.

ಇಷ್ಟೆಲ್ಲ ದಾಟಿದೆವು ಎನ್ನುವಷ್ಟರಲ್ಲಿ ಆ ವರ್ಷದ ಮಳೆ ಬಂತು. ಹಿಡಿದ ಮಳೆ ಬಿಡಲೇ ಇಲ್ಲ. ಎರೆಮಣ್ಣು ನೀರು ಕುಡಿದು ಉಬ್ಬಿತು. ಒಂದು ಬೆಳಿಗ್ಗೆ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ನರಗುಂದದ ಬಸ್ಸಿನ ಡ್ರೈವರ್ ಇಳಿದವನೇ ನನ್ನ ಕೈ ಹಿಡಿದ. “ಈರಪ್ಪಣ್ಣ, ಗಾಬರಿ ಆಗಬ್ಯಾಡ. ನಿನ್ನ ಪಡಸಾಲಿ ಕುಸದೈತಿ. ಮಂದಿ ಎಲ್ಲಾ ಅರಾಮ ಅದಾರ.”

ಅದೇ ಬಸ್ಸಿಗೆ ಗಂಡಹೆಂಡತಿ ಹೋದೆವು. ಪಡಸಾಲೆಯ ನಡುವೆ ನೆಲ ಬಾಯಿ ತೆರೆದಿತ್ತು. ಕೆಳಗೆ ಕಪ್ಪು ನೀರು, ಅದರಲ್ಲಿ ರಾಜೇಸಾಬನ ಹೊಲಿಗೆ ಯಂತ್ರ ಮೂತಿ ಮೇಲೆ ಮಾಡಿಕೊಂಡು ಬಿದ್ದಿತ್ತು. ರೇಷ್ಮಾ ಹಾಸಿಗೆ ಬಿಟ್ಟು ಹಿತ್ತಲಿಗೆ ಹೋದ ಹೊತ್ತಿಗೆ ನೆಲ ಹೋಗಿತ್ತು. ಹಾಸಿಗೆಯ ಅರ್ಧ ತೆಗ್ಗಿನ ಅಂಚಿನಲ್ಲಿ ಜೋತಾಡುತ್ತಿತ್ತು. ಗಂಗವ್ವ ಅದನ್ನು ನೋಡಿ ರೇಷ್ಮಾಳನ್ನು ಬಾಚಿ ತಬ್ಬಿಕೊಂಡಳು, ಎಷ್ಟು ಹೊತ್ತಾದರೂ ಬಿಡಲಿಲ್ಲ. ನನ್ನ ಲಕ್ಷ್ಮಿ ಇದ್ದ ಮನೆ! ನನ್ನ ಹುಂಬತನಕ್ಕೆ ನನಗೇ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸಿತು.

ಓಣಿಗೆ ಓಣಿಯೇ ಸೇರಿತು. “ಕಲ್ಲು ಮಣ್ಣು ತುಂಬಿ, ಮ್ಯಾಲೆ ಸಾರಿಸಿ, ಲಗೂನ ಮಾರಿಬಿಡು” ಎಂದರು. ಫಕೀರಪ್ಪ ಪರಊರಿನ ಗಿರಾಕಿಯೊಬ್ಬನನ್ನೂ ತಂದು ನಿಲ್ಲಿಸಿದ. ಆ ಗಿರಾಕಿಗೆ ಹಗೇವು ಎಂದರೆ ಏನೆಂದೇ ಗೊತ್ತಿಲ್ಲ. ನಾವು ಕೊಟ್ಟಷ್ಟು ಹಣ ವಾಪಸು ಬರುತ್ತಿತ್ತು. ಸಾಲ ತೀರುತ್ತಿತ್ತು, ಬೋರಮಾಳ ಮತ್ತೆ ಮಾಡಿಸಬಹುದಿತ್ತು. ಸುಳ್ಳೇಕೆ ಹೇಳಲಿ, ನನ್ನ ಮನಸ್ಸು ಜಾರಿತು. ಗಂಗವ್ವನ ಮುಖ ನೋಡಿದೆ.

“ಏನ್ ನೋಡ್ತೀರಿ? ಆ ತೆಗ್ಗಿನ ಮ್ಯಾಲೆ ಮತ್ತೊಬ್ಬರ ಮಗಳು ಮಲಗಬೇಕೇನು? ಬೋರಮಾಳ ಹೋದ್ರ ಹೋಗ್ಲಿ. ಅಗೀರಿ ಪೂರಾ.”

ನಾನು ಮುಂಗಡ ಹಣ ತೆಗೆದು ಮುಮ್ತಾಜಳ ಮುಂದೆ ಹಿಡಿದೆ, ಬೇರೆ ಮನೆ ನೋಡಿಕೊಳ್ಳಲಿ ಎಂದು. ಅವಳು ಮುಟ್ಟಲಿಲ್ಲ. “ನಾವು ಮನಿ ಬಿಟ್ಟಿಲ್ಲ ಅಣ್ಣಾ, ಪಡಸಾಲಿ ಖಾಲಿ ಮಾಡೀವಿ ಅಷ್ಟ. ರಿಪೇರಿ ಆಗೂತನಕ ಅಂಗಡ್ಯಾಗ ಇರ್ತೀವಿ.” ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ನಾನು ಆ ಮಾತಿಗೆ ಅತ್ತೆ.

ಕೂಡಿಟ್ಟ ರಜೆಯನ್ನೆಲ್ಲ ಹಾಕಿದೆ. ಹಾರೆಯಿಂದ ಮನೆಯ ಮೂಲೆಮೂಲೆ ಕುಟ್ಟಿದೆವು. ಎಲ್ಲಿ ಡಬ್ಬೆಂದಿತೋ ಅಲ್ಲಿ ಅಗೆದೆವು. ಅಡುಗೆಮನೆಯ ಒಲೆಯ ಬುಡದಲ್ಲೇ ಇನ್ನೊಂದು ಹಗೇವು ಸಿಕ್ಕಿತು. ನೀರು ಎತ್ತಿ ಹಾಕಿ, ಕೆಳಗಿಂದ ಕಲ್ಲು, ಅದರ ಮೇಲೆ ಗರಸು ಮಣ್ಣು, ಒಂದೊಂದು ಪದರಕ್ಕೂ ದಮ್ಮಸು ಹಾಕಿ ಬಡಿದೆವು. ಡಿಪೋದ ಗೆಳೆಯರು ವಾರದ ರಜೆಗೆ ಬಂದು ಕೈ ಹಚ್ಚಿದರು. ದಮ್ಮಸು ಎತ್ತುವಾಗಲೆಲ್ಲ “ಒಳಗ ಸರೀರಿ, ಇನ್ನೂ ಜಾಗಾ ಐತಿ, ಒಳಗ ಸರೀರಿ” ಎಂದು ನನ್ನದೇ ಧ್ವನಿ ಅಣಕಿಸುತ್ತಿದ್ದರು. ಮಣ್ಣು ಮೆತ್ತಿದ ಮುಖಗಳೆಲ್ಲ ನಗುತ್ತಿದ್ದವು. ಕೊನೆಗೆ ಫರಸಿ ಕಲ್ಲು ಹಾಸಿದೆವು. ನಾನು ಪಡಸಾಲೆಯ ನಡುವೆ ನಿಂತು ಜಿಗಿದೆ. ನೆಲ ತುಟಿ ಪಿಟಕ್ಕೆನ್ನಲಿಲ್ಲ! ರಾಜೇಸಾಬ ಯಂತ್ರವನ್ನು ತೊಳೆದು ಎಣ್ಣೆ ಬಿಟ್ಟು ಅಲ್ಲೇ ಇಟ್ಟು ತುಳಿದ. ಅದು ಗರಗರನೆ ತಿರುಗಿದಾಗ ಎಲ್ಲರೂ ಸೀಟಿ ಹೊಡೆದರು.

ಇದಾಗಿ ಕೆಲವು ವರ್ಷಕ್ಕೆ ಮತ್ತೊಂದು ಜಡಿಮಳೆ ಬಂತು. ಆ ಓಣಿಯಲ್ಲಿ ಅಲ್ಲಲ್ಲಿ ನೆಲ ಕುಸಿಯತೊಡಗಿತು. ಒಬ್ಬರ ಅಂಗಳ ಹೋಯಿತು, ಒಬ್ಬರ ಬಚ್ಚಲು ಹೋಯಿತು. ಸಂಜೆಯ ಹೊತ್ತಿಗೆ ಮುಮ್ತಾಜ್ ಫೋನು ಮಾಡಿದಳು.

“ಏನಾತವಾ? ನೆಲ ಹೋತೇನು?”

“ನೆಲ ಗಟ್ಟಿ ಐತಿ ಅಣ್ಣಾ. ಆದ್ರ ಬಾಡಗಿ ಕೊಡದ ಮಂದಿ ಭಾಳ ಆಗ್ಯಾರ ಮನ್ಯಾಗ! ಓಣೀ ಮಂದಿ ಎಲ್ಲಾ ಹಾಸಿಗಿ ಸುತ್ತಗೊಂಡು ಬಂದಾರ. ಈ ಓಣ್ಯಾಗ ನಂಬೂವಂಥಾ ನೆಲ ಇದೊಂದ ಅಂತ. ಫಕೀರಪ್ಪ ಕಾಕಾರು ನಡುವ ಪಡಸಾಲ್ಯಾಗ ಮಲಗ್ಯಾರ. ಚಹಾ ಕೊಟ್ಟೀನಿ.”

ನಾನು ಫೋನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ನಡುವೆ ಒಬ್ಬನೇ ನಕ್ಕೆ. ಮರುದಿನ ಫಕೀರಪ್ಪ ತಾನೇ ಫೋನು ಮಾಡಿದ. ಬಹಳ ಹೊತ್ತು ಕೆಮ್ಮಿ, “ಈರಪ್ಪ, ಚಲೋ ಮಂದೀಗೆ ಮನಿ ಕೊಟ್ಟೀದಿಯೋ” ಎಂದ. ಅಷ್ಟು ಸಾಕಿತ್ತು ನನಗೆ.

ಆ ಮನೆ ನಿಂತ ಮೇಲೆ ಉಳಿದವು ಒಂದಕ್ಕೊಂದು ಕೈ ಹಿಡಿದುಕೊಂಡು ಬಂದವು. ಗಜೇಂದ್ರಗಡದಲ್ಲಿ ಎರಡು ಕೋಣೆ ಕಟ್ಟಿಸಿದೆ, ಹಾರೆಯಿಂದ ನೆಲ ಕುಟ್ಟಿ ನೋಡದೆ ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಕಾಲವೂ ಬದಲಾಯಿತು. ಟಿಕೆಟ್ ಕಟ್ಟು ಹೋಗಿ ಕೈಯಲ್ಲಿ ಯಂತ್ರ ಬಂತು. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾಯಿತು. ಬಾಡಿಗೆ ಈಗ ಫೋನಿಗೇ ಬಂದು ಬೀಳುತ್ತದೆ, ಕಿಟಕಿಯಿಂದ ಕೈ ಚಾಚಿ ಕೊಡುವ ರಾಜೇಸಾಬರೂ ಇಲ್ಲ, ಹಿಡಿಯುವ ತಪಾಸಣೆಯವರೂ ಇಲ್ಲ. ಆದರೆ ಮಗುವಿನ ವಯಸ್ಸು ಕೇಳುವುದನ್ನು ಮಾತ್ರ ನಾನು ಬಿಟ್ಟಿಲ್ಲ.

ನನ್ನ ನಿವೃತ್ತಿಯ ಹೊತ್ತಿಗೆ ರೋಣದಲ್ಲಿ ಒಂದು ಮನೆ ಮಾರಾಟಕ್ಕೆ ಬಂತು. ನೀಲವ್ವನ ಮನೆ. ಅವಳು ತೀರಿಕೊಂಡಿದ್ದಳು, ಮಕ್ಕಳು ಪಾಲಿಗಾಗಿ ಮಾರುತ್ತಿದ್ದರು. ಗಂಗವ್ವನಿಗೆ ಹೇಳಲೋ ಬೇಡವೋ ಎಂದು ಅನುಮಾನಿಸುತ್ತಲೇ ಹೇಳಿದೆ. ಅವಳು ಸೀರೆ ಬದಲಿಸಿಕೊಂಡು ಬಂದು, “ನಡೀರಿ” ಎಂದಳು. ನಿವೃತ್ತಿಯಲ್ಲಿ ಬಂದ ಹಣದಿಂದ ಅದನ್ನು ಕೊಂಡೆವು. ಅಂಗಳದ ಟಾಕಿ ಹಾಗೇ ಇತ್ತು, ಅದೇ ಕಬ್ಬಿಣದ ಮುಚ್ಚಳ, ಅದೇ ಕೀಲಿ. ನೀಲವ್ವನ ಮಗ ಚಾವಿಯನ್ನು ಗಂಗವ್ವನ ಕೈಗಿತ್ತ. ಅವಳು ಕೀಲಿ ತೆಗೆದು ಮುಚ್ಚಳ ಎತ್ತಿದಳು. ಟಾಕಿ ತುಂಬಿತ್ತು. ಒಂದು ಕೊಡ ನೀರು ಸೇದಿ ಹಾಗೇ ನಿಂತುಕೊಂಡಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು.

ವಾರದೊಳಗೆ ನಮ್ಮ ಕಟ್ಟೆಗೆ ಒಬ್ಬರು ಬಂದರು. ನೋಡಿದರೆ ಪಾಟೀಲ ಸಾಹೇಬರು! ನಿವೃತ್ತರಾಗಿ ಕೂದಲೆಲ್ಲ ಬೆಳ್ಳಗಾಗಿತ್ತು. ಮಗಳಿಗೆ ರೋಣದಲ್ಲಿ ಶಾಲೆಯ ನೌಕರಿ ಸಿಕ್ಕಿದೆ, ಮನೆ ಬೇಕಾಗಿದೆ. ನಾನು ಬಿಡುತ್ತೇನೆಯೇ? ಚಹಾ ಕೈಗಿಟ್ಟು ಕೇಳಿಯೇಬಿಟ್ಟೆ: “ಸಾಹೇಬ್ರ, ನೌಕರಿ ಬೇಕೋ, ಬಾಡಗಿ ಬೇಕೋ?”

ಅವರು ಚಹಾದ ಕಪ್ಪು ಬಸಿ ಸಮೇತ ಅಲುಗಾಡುವಂತೆ ನಕ್ಕರು. “ಎರಡೂ ಬೇಕಪಾ ಈರಪ್ಪ. ನೀನ ಗೆದ್ದಿ ತಗೋ.”

ಒಳಗಿಂದ ಗಂಗವ್ವ ಬಂದಳು. “ಮಗಳಿಗೆ ಮಕ್ಕಳ ಎಷ್ಟರೀ ಸಾಹೇಬ್ರ?”

“ಒಂದ ಕೂಸೈತವಾ. ಇನ್ನೂ ಹಾಲು ಕುಡೀತೈತಿ.”

ಗಂಗವ್ವ ಸೊಂಟದಿಂದ ಮನೆಯ ಚಾವಿ ತೆಗೆದು ಅವರ ಕೈಯಲ್ಲಿಟ್ಟಳು.

“ಇದು ಮುಂದಿನ ಬಾಗಲದ್ದು. ಟಾಕೀ ಚಾವಿ ಎಲ್ಲಿ ಅಂತ ನಿಮ್ಮ ಮಗಳು ಕೇಳಿದ್ರ ಹೇಳ್ರಿ, ಟಾಕೀಗೆ ಕೀಲೀನ ಇಲ್ಲ. ಮನಿ ಕೊಂಡ ದಿನಾನ ಕಿತ್ತು ಒಗದೀನಿ. ಕೂಸಿನ ಮೈ ತೊಳ್ಯಾಕ ಎಷ್ಟು ಬೇಕೋ ಅಷ್ಟು ತುಂಬಿಕೊಳ್ಳಲಿ.”